ಹಗೇವಿನ ಮೇಲಿನ ಕೋಣೆ

ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದ ಕೂಡಲೇ ಪುಟ್ಟಲಕ್ಷ್ಮಮ್ಮ ಪಡಸಾಲೆಯ ಗೋಡೆಯ ಮುಂದೆ ನಿಂತು ಬಿರುಕನ್ನು ನೋಡುತ್ತಿದ್ದಳು. ಕಾಫಿ ಗೀಫಿ ಎಲ್ಲ ಆಮೇಲೆ. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಇಳಿದು, ಪಕ್ಕದ ಮನೆಗೂ ಇವಳ ಮನೆಗೂ ನಡುವಿರುವ ಗೋಡೆಯ ಬುಡದಲ್ಲಿ ತಳಪಾಯದ ಕಲ್ಲನ್ನು ಮುಟ್ಟಿತ್ತು. ಮೊದಲು ಕೂದಲೆಳೆಯಷ್ಟಿದ್ದದ್ದು, ಈಗ ಕಿರುಬೆರಳಿನ ಉಗುರು ಹಿಡಿಸುವಷ್ಟಾಗಿತ್ತು. ದಿನಾ ಉಗುರು ತೂರಿಸಿ ನೋಡುವುದು, ನಿನ್ನೆಗಿಂತ ಒಳಗೆ ಹೋದರೆ ಎದೆ ಧಸಕ್ಕೆನ್ನುವುದು. ಇದು ಅವಳಿಗೊಂದು ಚಟವೇ ಆಗಿಬಿಟ್ಟಿತ್ತು.

ಬೂಕನಕೆರೆಗೆ ಹತ್ತಿರದ ಆ ಹಳ್ಳಿಯಲ್ಲಿ ಅವಳಿಗೆ ಗಟ್ಟಿಗಿತ್ತಿ ಎಂಬ ಹೆಸರಿತ್ತು. ಗಂಡ ತೀರಿಕೊಂಡ ಮೇಲೆ ಹಸು ಕಟ್ಟಿ ಸಂಸಾರ ಎತ್ತಿದವಳು, ಒದೆಯುವ ಹಸುವಿನ ಕೆಚ್ಚಲಿಗೂ ಅಂಜದೆ ಕೈ ಹಾಕಿದವಳು. ಅಂಥವಳು ಈಗ ನಡುಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಕಿರ್ರೆಂದರೆ ಬೆಚ್ಚಿ ಬೀಳುತ್ತಿದ್ದಳು. ಮುಂಚೆ ಆ ಬಾಗಿಲು ಒಂದೇ ಬೆರಳಿಗೆ ಮುಚ್ಚುತ್ತಿತ್ತು.

ಬಂದವರೆಲ್ಲ ಒಂದೊಂದು ಹೇಳಿದರು. ಒಬ್ಬರಿಗೆ ಅದು ಕಲ್ಲುಗಣಿಯ ಸಿಡಿತ, ಇನ್ನೊಬ್ಬರಿಗೆ ವಾಸ್ತು. ಎಲ್ಲೋ ಸಿಡಿದ ಗಣಿ ಊರನ್ನೆಲ್ಲ ಬಿಟ್ಟು ಇದೊಂದು ಗೋಡೆಯನ್ನೇ ಹುಡುಕಿಕೊಂಡು ಬಂದದ್ದು ಹೇಗೆ ಎಂದು ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ. ಮಗ ಲೋಕೇಶ, "ಬಿಸ್ಲಿಗೆ ಬಿರೀತದೆ ಕಣವ್ವ, ಸುಮ್ನಿರು" ಅಂದು ಪೇಟೆಯಿಂದ ಪುಟ್ಟಿ ತಂದು ಮೆತ್ತಿದ. ಪುಟ್ಟಿ ಒಣಗುವುದಕ್ಕೆ ಮುಂಚೆಯೇ ಅದರ ಮಧ್ಯೆ ಹೊಸ ಗೆರೆ ಮೂಡಿತು.

ಪುಟ್ಟಲಕ್ಷ್ಮಮ್ಮನ ಒಳಗೆ ಇನ್ನೊಂದು ಮಾತಿತ್ತು, ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಗೋಡೆಯ ಆಚೆ ಇದ್ದವಳು ಅವಳ ಓರಗಿತ್ತಿ ದ್ಯಾವಮ್ಮ. ಒಂದೇ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ದಿನ ಒಂದು ಕಡಸಿನ ವಿಷಯಕ್ಕೆ ಓರಗಿತ್ತಿಯರಿಬ್ಬರಿಗೂ ಮಾತು ಬೆಳೆದು, ಅವತ್ತಿನಿಂದ ಮಾತೇ ನಿಂತುಹೋಗಿತ್ತು. ದ್ಯಾವಮ್ಮನ ಮಗಳು ಅನು ಮೊದಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಮಗು ಹೆತ್ತಿದ್ದಳು. ಬಿರುಕು ಬಾಯಿ ಬಿಡತೊಡಗಿದ್ದು ಆ ಮಗು ಬಂದ ಮೇಲೆಯೇ. ಇದನ್ನು ಆಡಿದರೆ ಜನ ಹಸುಗೂಸಿನ ಕಾಲ್ಗುಣಕ್ಕೆ ಗಂಟು ಹಾಕಿಬಿಡುತ್ತಾರೆ ಎಂದು ತುಟಿ ಹೊಲಿದುಕೊಂಡಿದ್ದಳು. ಮಗುವನ್ನು ಅವಳಿನ್ನೂ ನೋಡಿರಲಿಲ್ಲ, ಗೋಡೆಯ ಮೂಲಕ ಅಳು ಕೇಳಿದ್ದಳು ಅಷ್ಟೆ.

ಕಡೆಗೆ ಗಾರೆ ಕೆಲಸದ ಸಿದ್ದರಾಜುವನ್ನು ಕರೆಸಿದಳು. ಅವನು ಗೋಡೆಯನ್ನು ಹೆಚ್ಚು ನೋಡಲಿಲ್ಲ, ಹೊರಗೆ ಹೋಗಿ ಬುಡ ಅಗೆದ. ಮಳೆ ಬಂದು ಎಷ್ಟೋ ಕಾಲವಾಗಿದ್ದರೂ ಮಣ್ಣು ಕೆಸರಾಗಿತ್ತು. ಅದನ್ನು ಹಿಡಿಯಲ್ಲಿ ತೆಗೆದು ಮೂಸಿದ. "ಸೀಗೆಪುಡಿ ವಾಸ್ನೆ ಬತ್ತಾದಲ್ಲವ್ವ!"

ಬಾಣಂತಿಯ ನೀರು! ಆಚೆ ಮನೆಯಲ್ಲಿ ಬೆಳಿಗ್ಗೆ ಸಂಜೆ ಹಂಡೆಗಟ್ಟಲೆ ಬಿಸಿನೀರು ಹುಯ್ಯುತ್ತಿದ್ದರು, ಬಚ್ಚಲಿನ ಪೈಪು ಒಳಗೇ ಒಡೆದು ನೀರು ತಳಪಾಯಕ್ಕೆ ಇಳಿಯುತ್ತಿತ್ತು. ಸದ್ಯ, ಮಗುವಿನ ತಪ್ಪಲ್ಲ ಎಂದು ಪುಟ್ಟಲಕ್ಷ್ಮಮ್ಮನಿಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಸಿದ್ದರಾಜು ತಳಪಾಯದ ಕಲ್ಲಿನ ಅಡಿಗೆ ಹಾರೆ ತೂರಿಸಿದ. ಹಾರೆ ಎಲ್ಲೂ ತಡೆಯದೆ ಸುಯ್ಯನೆ ಇಳಿದು, ಕೈ ತಪ್ಪುವುದರಲ್ಲಿತ್ತು.

"ಏನವ್ವ ಇತ್ತು ಇಲ್ಲಿ? ಬಾವಿಯಾ?"

ಅವಳು ಇದ್ದಲ್ಲೇ ಕುಳಿತಳು. ಬಾವಿಯಲ್ಲ, ಹಗೇವು. ಈ ಜಾಗ ಮನೆಯಂಗಳವಾಗಿದ್ದ ಕಾಲದಲ್ಲಿ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಹೊಟ್ಟೆ ಕೋಣೆಯಷ್ಟು. ಹೊಸ ಸೊಸೆಯಾಗಿ ಬಂದಾಗ ಅವಳು ಕಡ್ಡಿಯ ಹಾಗಿದ್ದಳು. ಒಳಗಿನ ಗಾಳಿ ಕೆಟ್ಟಿದೆಯೇನೋ ಎಂದು ಮೊದಲು ಲಾಟೀನು ಇಳಿಸಿ ನೋಡಿ, ಆಮೇಲೆ ಅವಳನ್ನೇ ಇಳಿಸುತ್ತಿದ್ದರು. ರಾಗಿ ಇಡುವುದು ನಿಂತ ಮೇಲೆ ಅದನ್ನು ಮಣ್ಣು ಹಾಕಿ ಮುಚ್ಚೋಣವೆಂದರೆ ಮಾವ ಒಪ್ಪಲಿಲ್ಲ. ಅನ್ನ ಇಟ್ಟ ಜಾಗಕ್ಕೆ ಕಲ್ಲು ಕಸ ಸುರಿಯುವುದೇ ಎಂದು ಬಾಯಿಗೊಂದು ಚಪ್ಪಡಿ ಎಳೆಸಿ, ಅರಿಶಿನ ಕುಂಕುಮ ಇಡಿಸಿದ್ದರು. ಪಾಲಾದಾಗ ಗೋಡೆ ಎಬ್ಬಿಸಿದವರು ಚಪ್ಪಡಿ ಗಟ್ಟಿಯಾಗಿದೆಯೆಂದು ಅದರ ಮೇಲೇ ತಳಪಾಯ ಹಾಕಿದರು. ಭಕ್ತಿಗೆ ಮಾವನನ್ನು ಮೆಚ್ಚಬೇಕು, ಬುದ್ಧಿಗೆ ಯಾರನ್ನೂ ಮೆಚ್ಚುವ ಹಾಗಿರಲಿಲ್ಲ.

ಹಗೇವಿನ ಬಾಯಿ ಇವಳ ಕಡೆ ಇತ್ತು, ಹೊಟ್ಟೆ ಮೂಡಲಿಗೆ ಚಾಚಿತ್ತು. ಕತ್ತಲಲ್ಲಿ ಅದರ ಗೋಡೆಯನ್ನು ಸವರಿ ಸವರಿ ರಾಗಿ ಬಾಚಿದವಳು ಅವಳೇ. ಮೂಡಲಿಗೆ, ನಡುಗೋಡೆಯ ಆಚೆ, ಈಗ ಬಾಣಂತಿ ಕೋಣೆಯಿತ್ತು. ಬಿರುಕು ಬಿಟ್ಟದ್ದು ತನ್ನ ಗೋಡೆ, ಬೀಳುವುದು ಆಚೆಯವರ ನೆಲ. ಹಾಗನ್ನಿಸಿದ ಕೂಡಲೇ ದ್ಯಾವಮ್ಮನಿಗೆ ಹೇಳಿಬರಲು ಏಳಹೋದಳು.

ಲೋಕೇಶ ತಡೆದ. "ನಮ್ ಕಡೀದ್ನ ನಾವು ಸರಿ ಮಾಡ್ಸವಾ ಬುಡವ್ವ. ಈಗೋಗಿ ಹೇಳುದ್ರೆ ನಾವೇ ಅಗ್ದು ಅವ್ರ ಮನೆ ಕೆಡುವ್ತಾ ಇದ್ದೀವಿ ಅಂತಾರೆ. ಸಂಜಿಕೆ ಯಾರಾರಾ ದೊಡ್ಡೋರ ಕೈಲಿ ಹೇಳ್ಸನ."

"ಸಂಜೆಗಂಟ ನಿಂತಿರ್ತದಾ, ಸಿದ್ದರಾಜು?"

"ಈಗ್ಲೇ ಬಿದ್ದದೋ, ಇನ್ನೊಂದೊರ್ಷ ನಿಂತದೋ, ನಂಗೂ ಗೊತ್ತಿಲ್ಲ ಕಣವ್ವ. ನಮ್ಮನೆ ಮಗೀನಂತೂ ಅಲ್ಲಿ ಮಲುಗುಸ್ತಿರ್ಲಿಲ್ಲ."

ಆಚೆಯಿಂದ ದಬದಬನೆ ನೀರು ಹುಯ್ಯುವ ಸದ್ದು ಕೇಳಿಸಿತು. ಮಗುವಿನ ಸ್ನಾನ ಮುಗಿಯುತ್ತ ಬಂದಿತ್ತು. ಇನ್ನು ಸಾಂಬ್ರಾಣಿ ಹೊಗೆ ಕೊಟ್ಟು ಆ ಕೋಣೆಯಲ್ಲೇ ಮಲಗಿಸುತ್ತಾರೆ. ಪುಟ್ಟಲಕ್ಷ್ಮಮ್ಮ ಎದ್ದಳು. ಬಾಣಂತಿ ಕೋಣೆಗೆ ಕಂಡಕಂಡವರು ಹೋಗುವಂತಿಲ್ಲ, ಕಾಲು ತೊಳೆಯದೆ ಹೋಗುವಂತಿಲ್ಲ, ಮಾತು ಬಿಟ್ಟವರಂತೂ ಆ ಕಡೆ ತಲೆ ಹಾಕಿಯೂ ಮಲಗುವಂತಿಲ್ಲ. ಇದೆಲ್ಲ ಅವಳಿಗೆ ಗೊತ್ತಿತ್ತು.

ದ್ಯಾವಮ್ಮ ಬಾಗಿಲಿಗೆ ಅಡ್ಡ ನಿಂತಳು. "ಏನು, ದಾರಿ ತಪ್ತಾ?"

"ದ್ಯಾವೀ, ಅನೂನ ಆ ಕ್ವಾಣೆಯಿಂದ ಎಬ್ಬುಸು. ಅಡೀಲಿ ಹಗೇವದೆ, ನೀರಿಳ್ದು ಕುಸೀತಾ ಅದೆ."

"ಹಸುಗೂಸಿರೋ ಮನೆ ಬಾಗ್ಲಲ್ಲಿ ನಿಂತ್ಕಂಡು ಕುಸೀತದೆ ಅಂತೀಯಲ್ಲ, ನಿನ್ ಬಾಯಿಗ್ ಮಣ್ಣಾಕ! ಹಗೇವಿದ್ದದ್ದು ನಿನ್ ಪಾಲಲ್ಲಿ. ನಮ್ ಕಡೆ ಒಂದ್ ಗೆರೆ ಬಿರುಕಿಲ್ಲ, ಬೇಕಾದ್ರೆ ಬಂದ್ ನೋಡು!"

ಬಂದು ನೋಡು ಎಂದದ್ದೇ ಸಾಕಾಯಿತು. ಪುಟ್ಟಲಕ್ಷ್ಮಮ್ಮ ಓರಗಿತ್ತಿಯನ್ನು ಸರಿಸಿಕೊಂಡು, ಕೆಸರುಗಾಲಲ್ಲೇ ಕೋಣೆಗೆ ನುಗ್ಗಿ, ಮಂಚದ ಮೇಲಿದ್ದ ಮಗುವನ್ನು ಬಟ್ಟೆ ಸಮೇತ ಎತ್ತಿ ಎದೆಗವಚಿಕೊಂಡಳು. ಅನು "ದೊಡ್ಡವ್ವಾ!" ಎಂದು ಕೂಗಿದಳು. "ನನ್ನಿಂದೆ ಬಾರವ್ವ, ಆಮೇಲ್ ಬೋಯ್ಯಿವಂತೆ" ಎಂದವಳೇ ಹೊರಗೆ ನಡೆದಳು. ಬಾಣಂತಿ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಕೊಳ್ಳುತ್ತಿದ್ದರೂ ಹಿಂದೆಯೇ ಓಡಿ ಬಂದಳು. ಮಗುವಿನ ಬಿಸಿ ಪುಟ್ಟಲಕ್ಷ್ಮಮ್ಮನ ಎದೆಗೆ ತಾಗುತ್ತಿತ್ತು. ನೆಲ ಗಟ್ಟಿಯಾಗಿದ್ದರೆ? ಬಾಣಂತಿಯ ಮಗುವನ್ನು ಹೊತ್ತುಕೊಂಡು ಹೋದವಳು ಎಂಬ ಹೆಸರು ಸಾಯುವ ತನಕ ಹೋಗುವುದಿಲ್ಲ. ನಾಳೆ ಮಗುವಿಗೆ ಒಂದು ಜ್ವರ ಬಂದರೂ ಅದು ತನ್ನ ತಲೆಗೇ ಬರುತ್ತದೆ.

ದ್ಯಾವಮ್ಮನ ಕೂಗಿಗೆ ಕೇರಿ ನೆರೆಯಿತು. ಇವಳ ಸುಳ್ಳನ್ನು ಎಲ್ಲರೆದುರು ಬಯಲು ಮಾಡಬೇಕೆಂಬ ಹಟಕ್ಕೆ ಅವಳೇ ಸಿದ್ದರಾಜುವನ್ನು ಒಳಗೆ ಕರೆದಳು. "ಒಡಿ! ಒಡ್ದು ತೋರ್ಸು ಎಲ್ರಿಗೂವೆ!" ಅವನು ಮಂಚ ಸರಿಸಿ, ಎಲ್ಲರನ್ನೂ ಹೊಸಲಾಚೆ ನಿಲ್ಲಿಸಿ, ಗೋಡೆಯ ಅಂಚಿನಿಂದ ಹಾರೆ ಚಾಚಿ ಕುಟ್ಟಿದ. ಸಿಮೆಂಟು ನೆಲ ಟಣ್ಣೆನ್ನಲಿಲ್ಲ, ದೊಬ್ಬೆಂದಿತು. ಮತ್ತೊಮ್ಮೆ ಕುಟ್ಟಿದಾಗ ಮೊರದಗಲದ ನೆಲ ಕಳಚಿ ಹೋಯಿತು. ಅದು ನೀರಿಗೆ ಬಿದ್ದ ಸದ್ದು ತುಸು ತಡೆದು ಮೇಲೆ ಬಂತು.

ಸಿದ್ದರಾಜು ಎರಡೂ ಕಡೆ ಗೋಡೆಗೆ ಸರ್ವೆ ಮರದ ಗಳ ಆನಿಸಿ, ನೀರು ಬಸಿದು, ಪೈಪು ಬೇರೆ ಹಾಕಿಸಿದ. ದಪ್ಪ ಕಲ್ಲು, ಮರಳು ಒಂದೊಂದೇ ಪದರ ತುಂಬಿ ದಿಮ್ಮಸಿನಿಂದ ಕುಟ್ಟಿ, ತಳಪಾಯದ ಕೆಳಗೆ ಸ್ವಲ್ಪ ಸ್ವಲ್ಪವೇ ಅಗೆದುಕೊಂಡು ಕಂಬಿ ಕಟ್ಟಿ ಕಾಂಕ್ರೀಟು ಹಾಕಿದ. ಬಿರುಕನ್ನು ಮಾತ್ರ ಮುಟ್ಟಲಿಲ್ಲ. ಅದರ ಮೇಲೆ ಅಡ್ಡಡ್ಡ ಗಾಜಿನ ಚೂರು ಅಂಟಿಸಿ, ಗಾಜು ಒಡೆಯದೆ ಉಳಿದರೆ ಗೋಡೆ ಕದಲುವುದು ನಿಂತಿತು ಅಂತ ಲೆಕ್ಕ, ಮುಚ್ಚುವುದು ಆಮೇಲೆ ಎಂದ. ಪುಟ್ಟಲಕ್ಷ್ಮಮ್ಮನಿಗೆ ಈಗ ಗಾಜು ನೋಡುವ ಚಟ.

ಆ ದಿನಗಳಲ್ಲಿ ಬಾಣಂತಿ ಮಗು ಅವಳ ಮನೆಯ ಹಿಂದಿನ ಕೋಣೆಯಲ್ಲೇ ಇದ್ದರು. ದ್ಯಾವಮ್ಮ ನೀರು ಹಾಕಲು ಬರುತ್ತಿದ್ದಳು, ಹಾಕಿ ಹೋಗುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತೀಡುತ್ತಿದ್ದವಳು ತಲೆಯೆತ್ತದೆ ಕೇಳಿದಳು:

"ಅಕ್ಕ, ಅವತ್ತು ನೆಲ ಗಟ್ಟಿಗಿದ್ದಿದ್ರೆ ಏನ್ ಮಾಡ್ತಿದ್ದೆ?"

"ಮಗೀನ ತಂದ್ ನಿನ್ ಕೈಗೆ ಕೊಟ್ಬುಟ್ಟು, ನೀನ್ ಬೋದುದ್ನೆಲ್ಲ ಬೋಯ್ಸ್ಕತಿದ್ದೆ."

ದ್ಯಾವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾಲ್ ತೊಳ್ಕಂಡ್ ಬಾ," ಎಂದಳು, "ಇವತ್ತು ನೀನ್ ಹುಯ್ಯಿ ನೀರ."