ಎರಡನೇ ದಿನದ ಓಟ

ಅದಿರಿನ ಲಾರಿಗಳ ಕಾಟಕ್ಕೆ ರಸ್ತೆಯಲ್ಲಿ ಓಡಲಾಗುತ್ತಿರಲಿಲ್ಲ. ಹಾಗಾಗಿ ನಮ್ಮ ಶಾಲೆಯ ಪಿ.ಟಿ. ಮೇಡಂ ದಿನಾ ಬೆಳಿಗ್ಗೆ ನನ್ನನ್ನು ಹೊಸಪೇಟೆಯ ಕಾಲುವೆ ದಂಡೆಯ ಮೇಲೆ ಓಡಿಸುತ್ತಿದ್ದರು. ನಾನಾಗ ಒಂಬತ್ತನೇ ತರಗತಿ. ಮುಟ್ಟಾದ ಮೂರು ದಿನ ಮಾತ್ರ ಅವ್ವ ಹೊರಗೆ ಬಿಡುತ್ತಿರಲಿಲ್ಲ. ಹಿತ್ತಲ ಕೋಣೆಯಲ್ಲಿ ಕೂತರೆ ಕಾಲುಗಳು ಓಟಕ್ಕೆ ತುಡಿಯುತ್ತಿದ್ದವು.

ಒಮ್ಮೆ ಎರಡನೇ ದಿನ ಮೇಡಂ ಮನೆಗೇ ಬಂದರು.

“ಈಗ ಓಡಿದ್ರ ಗರ್ಭಚೀಲಕ್ಕ ಪೆಟ್ಟಾಗತೈತಿ, ಬ್ಯಾಡ್ರಿ,” ಎಂದಳು ಅವ್ವ.

“ನಂದೂ ಇವತ್ತು ಎರಡನೇ ದಿನಾನ ಐತ್ರಿ. ನಾನೂ ಓಡ್ತೀನಿ. ಆಕೀಗೆ ಸುಸ್ತಾದ್ರ ಕುಂದ್ರಸ್ತೀನಿ,” ಎಂದರು ಮೇಡಂ.

ಅವ್ವ ಒಳಗೆ ಹೋಗಿ ಬಂದಳು. ನನ್ನ ಕೈಗೆ ಇನ್ನೊಂದು ಬಟ್ಟೆ ಮಡಿಸಿ ಕೊಟ್ಟು, “ಜಲ್ದಿ ಬಾ,” ಎಂದಳು.

ಅಂದು ಇಬ್ಬರೂ ಮಾತಾಡುತ್ತ ನಿಧಾನವಾಗಿ ಓಡಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಿಬ್ಬೊಟ್ಟೆಯ ಹಿಡಿತ ಸಡಿಲವಾಯಿತು. ಅದನ್ನು ಹೇಳಿದಾಗ ಅವರು ಜೋರಾಗಿ ನಕ್ಕರು.

ಮುಂದಿನ ಜೂನ್‌ನಲ್ಲಿ ಅವರಿಗೆ ವರ್ಗವಾಯಿತು. ವಿಳಾಸ ಕೇಳುವ ಧೈರ್ಯ ನನಗಾಗಲಿಲ್ಲ. ಈಗ ನನಗೆ ಅವರ ಅಂದಿನ ವಯಸ್ಸು. ಅವರು ಎಲ್ಲಿದ್ದಾರೋ, ನನ್ನ ನೆನಪಾದರೂ ಇದೆಯೋ, ಗೊತ್ತಿಲ್ಲ. ಒಮ್ಮೆ ಸಿಕ್ಕರೆ ಸಾಕೆನಿಸುತ್ತದೆ.