ಬಂದಿಳಿದ ದಿನದ ಲೆಕ್ಕ
ಪಾಂಡವಪುರ ಬಸ್ ಸ್ಟ್ಯಾಂಡಿನೆದುರು ಪಾಸ್‌ಪೋರ್ಟ್ ಅರ್ಜಿ ಟೈಪು ಮಾಡುವ ನಂಜುಂಡಾಚಾರಿಗಳು ಮೈಸೂರಿನಿಂದಾಚೆ ಕಾಲಿಟ್ಟವರಲ್ಲ; ಆದರೆ ವೀಸಾ ಇಲ್ಲದೆ ಯಾವ ದೇಶದಲ್ಲಿ ಎಷ್ಟು ದಿನ ಇರಬಹುದೆಂಬುದು ಅವರಿಗೆ ಬಾಯಿಪಾಠ. ಹಾಂಗ್‌ಕಾಂಗಿಗೆ ಹೊರಟ ರೇಷ್ಮೆ ವ್ಯಾಪಾರಿಯನ್ನೂ ಗದರುತ್ತಾರೆ: "ಅದಿನಾಲ್ಕು ದಿನ ಅಂದ್ರೆ ಅದಿನಾಲ್ಕೇ ಕಣ್ಲಾ! ಇಳಿದ ದಿನಾನೂ ಲೆಕ್ಕಕ್ಕೆ ಬತ್ತದೆ, ಒತ್ತು ಮುಳುಗೋ ಒತ್ನಲ್ಲಿ ಇಳಿದ್ರೂವೆ!" ಮನೆಯಲ್ಲೂ ಇದೇ ಕಾನೂನು. ಮೂರು ದಿನ ಇದ್ದು ಹೋಗಲು ಸಂಜೆ ಬಸ್ಸಿಗೆ ಬಂದ ಭಾವಮೈದನ ಚೀಲವನ್ನು ಮೂರನೆಯ ದಿನ ತಾವೇ ಜಗುಲಿಗೆ ತಂದಿಡುತ್ತಾರೆ. ಮೊನ್ನೆ, ಅತ್ತೆಮನೆಯವರು ಎರಡೇ ದಿನಕ್ಕೆಂದು ತವರಿಗೆ ಕಳಿಸಿದ್ದ ಮಗಳನ್ನು ಕರೆದೊಯ್ಯಲು ಅಳಿಯ ಎರಡನೆಯ ದಿನ ಸರಿಯಾಗಿ ಬಂದು ನಿಂತ. ಆಚಾರಿಗಳು ಗೋಡೆಯ ಕ್ಯಾಲೆಂಡರಿನತ್ತ ತಿರುಗಿಯೂ ನೋಡದೆ ಅಂದರು: "ಬಂದಿಳಿದ ದಿನಾನೆಲ್ಲ ಯಾರಾದ್ರೂ ಲೆಕ್ಕಕ್ಕೆ ತಕ್ಕತಾರಾ, ಅಳಿಯಂದ್ರೇ?"