ಅಭ್ಯಾಸ ಮಾಡಿದ ನಗು

ತಾವರಗೇರಾದ ಬಯಲಾಟದಲ್ಲಿ ಹಾಸ್ಯಗಾರ ನನ್ನನ್ನೇ ಗೇಲಿ ಮಾಡುತ್ತಾನೆಂಬ ಸುದ್ದಿ ಕುಷ್ಟಗಿಯ ಸಂತೆಯಲ್ಲಿ ನನ್ನ ಕಿವಿಗೆ ಬಿತ್ತು. ಆಟ ನಾನೇ ಬರೆದದ್ದು. ನಿಜಾಮರ ಕಾಲದಲ್ಲಿ ಅದೇ ಹಾಸ್ಯಗಾರ ಅದರಲ್ಲಿ ಪೊಲೀಸ್ ಅಮೀನನನ್ನು ಆಡಿಕೊಳ್ಳುತ್ತಿದ್ದ. ಆ ಮಾತು ತೆಗೆಯಿರೆಂದು ಅಮೀನ ಗದರಿದ. ನಾನು ತೆಗೆಯಲಿಲ್ಲ, ಹಾಸ್ಯಗಾರ ಆಡದೆ ಬಿಡಲಿಲ್ಲ. ಇಬ್ಬರೂ ಜೈಲು ಕಂಡೆವು. ಹೊರಬಂದು ಅವನು ಮತ್ತೆ ಬಣ್ಣ ಹಚ್ಚಿಕೊಂಡ, ನಾನು ಶಾಲು ಹೊದ್ದು ಮುಖಂಡನಾದೆ. ಆಮೇಲೆ ನಾನು ಬರೆದದ್ದೆಲ್ಲ ಭಾಷಣವೇ.

ಈಗ ನಿಜಾಮರಿಲ್ಲ. ಆಟಕ್ಕೆ ಪರವಾನಗಿ ಬೇಕಾದವರು ಮೊದಲು ನನ್ನ ಮನೆಗೆ ಬರುತ್ತಾರೆ. ಕಚೇರಿಗೆ ನಾನೊಂದು ಮಾತು ಹೇಳಬೇಕು.

ಹಾಸ್ಯಗಾರ ಏನನ್ನು ಹಿಡಿದಿರಬಹುದು? ನನ್ನ ಕೆಮ್ಮೋ, ಊರೂರಿಗೆ ಕೊಟ್ಟು ಮರೆತ ಬಾವಿಯ ಮಾತೋ? ಕೊನೆಗೆ, ಹೋಗಿ ಎಲ್ಲರಿಗಿಂತ ಮೊದಲು ನಾನೇ ನಕ್ಕುಬಿಡಬೇಕು, ಆಗ ನನ್ನಲ್ಲಿ ಬರೆಯುವವನು ಇನ್ನೂ ಸತ್ತಿಲ್ಲವೆಂದು ಮಂದಿಗೆ, ಮುಖ್ಯವಾಗಿ ನನಗೆ, ತಿಳಿಯುತ್ತದೆ ಎಂದುಕೊಂಡೆ. ಕನ್ನಡಿಯ ಮುಂದೆ ನಕ್ಕು ನೋಡಿದೆ.

"ಹಲ್ಲು ನೋಯಾಕತ್ತಾವೇನ್ರಿ?" ಎಂದಳು ಹೆಂಡತಿ.

"ನಗಾಕತ್ತೀನಿ."

"ಹಿಂಗ ಮಂದಿ ಮುಂದ ನಗಬ್ಯಾಡ್ರಿ, ಹೆದರ್ಯಾರು."

ತಾವರಗೇರಾದಲ್ಲಿ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿದರು. ಹಾಸ್ಯಗಾರ ಬಂದ. ಹೆಗಲಿಗೆ ಶಾಲು ಎಳೆದು, ನನ್ನಂತೆಯೇ ಕೆಮ್ಮಿದ. ನನ್ನ ತುಟಿಗಳು ನಗಲು ಸಜ್ಜಾದವು. ಅಷ್ಟರಲ್ಲಿ ಅವನ ಕಣ್ಣು ಕುರ್ಚಿಯ ಮೇಲೆ ಬಿತ್ತು. ಶಾಲು ಜಾರಿಸಿ, ಅತ್ತೆಯ ಮೇಲೊಂದು ಪದ ಹಾಡಿ ಒಳಗೆ ಹೋದ.

"ಬಾವಿ ಮಾತು ಎಲ್ಲಿ ಹೋತಲೇ?" ಹಿಂದೆ ಯಾರೋ ಕೇಳಿದರು.

"ಬಾಯಿ ಮುಚ್ಚಲೇ, ಮುಂದ ಕುಂತಾರ."

ಬೆಳಗಿನ ಜಾವ ಆಟ ಮುಗಿಯಿತು. ಪರದೆಯ ಹಿಂದೆ ಅವನು ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದ. ಒಂದು ಕಾಲಕ್ಕೆ ನನ್ನನ್ನು "ಲೇ ಕವಿ" ಎನ್ನುತ್ತಿದ್ದವನು.

"ನನ್ನ ಮ್ಯಾಲಿನ ಮಾತು ಯಾಕ ಬಿಟ್ಟಿ?" ಎಂದೆ.

"ಇರ್ಲಿ ಬಿಡ್ರಿ ಸಾಹೇಬ್ರ. ಮುಂದಿನ ವಾರ ಕುಷ್ಟಗ್ಯಾಗ ಆಟ ಐತಿ. ಪರವಾನಗಿ ಆಗಬೇಕಲ್ರಿ."

"ನಾನೇನು ಅಮೀನನೇನೋ? ಆವತ್ತು ಅವಗ ಹೆದರಲಿಲ್ಲ ನೀ!"

ಅರ್ಧ ಬಣ್ಣದ ಮುಖವೆತ್ತಿ ನೋಡಿದ. "ಅವಾಗ ನೀವು ನಮ್ಮ ಕಡಿ ಇದ್ರಿ."

ಮನೆಯಿಂದ ಕಲಿತು ತಂದಿದ್ದ ನಗುವನ್ನೇ ನಕ್ಕೆ.

ಅವನು ಗಡಬಡಿಸಿ ಎದ್ದು ಕೈಮುಗಿದ.